ಧೈರ್ಯದ ದಾಳ

ಯಜಮಾನರ ಕೈಯಿಂದ ಜಾರಿದ ದಾಳ ಮೇಜಿನ ಮೇಲೆ ಗಿರಗಿರನೆ ತಿರುಗಿ, ಒಂದು ಚುಕ್ಕೆಯನ್ನು ಮೇಲೆ ಮಾಡಿಕೊಂಡು ನಿಂತಿತು. ನೋಡಿದ್ದೇ ತಡ, ಮೇಸ್ತ್ರಿಯ ಎದೆ ಧಸಕ್ಕೆಂದಿತು. ಆಡುತ್ತಿದ್ದವನು ಅವನಲ್ಲ. ಅವನು ಬರೀ ತೀರ್ಪುಗಾರ. ಆದರೆ ಅವನ ಪಕ್ಕದಲ್ಲೇ, ಮೇಜಿನ ಈ ತುದಿಯಲ್ಲಿ, ಗೆದ್ದು ನಿಂತವಳು ಅವನ ಸ್ವಂತ ಮಗಳು.

ಅದು ಗೊಂಬೆ ಕಾರ್ಖಾನೆ. ಹೆಬ್ಬೆರಳುದ್ದದ ಸೈನಿಕರನ್ನು ಎರಕ ಹೊಯ್ದು, ಬಣ್ಣ ಹಚ್ಚಿ, ಡಬ್ಬಿಗೆ ತುಂಬುತ್ತಾರೆ. ಅವರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟದ ನಿಯಮಗಳನ್ನು ಕಟ್ಟಿದವನು ಇದೇ ಮೇಸ್ತ್ರಿ. ವಾರದ ಕೊನೆಗೆ ಯಜಮಾನರಿಗೆ ಕೆಲಸಗಾರರ ಜೊತೆ ಒಂದು ಆಟ ಆಗಲೇಬೇಕು. ಕರೆದರೆ ಬರಬೇಕು, ಬಂದರೆ ಸೋಲಬೇಕು! ಹಿಂದೊಮ್ಮೆ ಉಗ್ರಾಣದವನು ಗೆದ್ದು ಹಲ್ಲು ಕಿರಿದಿದ್ದ. ಮುಂದಿನ ವಾರ ಅವನನ್ನು ಎರಕದ ಒಲೆಯ ಮುಂದೆ ನಿಲ್ಲಿಸಿದರು. ಅದರ ಮುಂದಿನ ವಾರ ಅವನೇ ಇರಲಿಲ್ಲ.

ಮಗಳು ಬಣ್ಣದ ವಿಭಾಗಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು, ಸೋಮವಾರ ಕೆಲಸ ಕಾಯಂ ಮಾಡುವ ಮಾತಿತ್ತು. ಅದಕ್ಕಾಗಿ ಮೇಸ್ತ್ರಿ ಯಾರ್ಯಾರ ಕೈಕಾಲು ಹಿಡಿದಿದ್ದನೋ ಅವನಿಗೇ ಗೊತ್ತು. ಸೋತುಬಿಡು ತಾಯಿ ಎಂದು ಆಟದ ಉದ್ದಕ್ಕೂ ಕಣ್ಣಲ್ಲೇ ಬೇಡಿಕೊಂಡಿದ್ದ. ಆ ಪುಣ್ಯಾತ್ಗಿತ್ತಿ ಇತ್ತ ಕಡೆ ನೋಡಿದರೆ ತಾನೆ! ಯಜಮಾನರ ಬಿಲ್ಲುಗಾರರು ಓಡಿದಾಗಲಂತೂ, "ನಿಮ್ಮ ಪಕ್ಕದ ಕತ್ತಿಯವರೂ ದಾಳ ಹಾಕ್ಬೇಕು ಯಜಮಾನ್ರೇ. ನಮ್ಮೋರು ಗೇಣು ದೂರದಲ್ಲಿ ಓಡಿದ್ದನ್ನ ನೋಡಿದ್ರೆ, ನೋಡಿದೋರಿಗೂ ಹೆದರಿಕೆ ಅಂಟತ್ತೆ" ಎಂದು ಅವರಿಗೇ ನಿಯಮ ಹೇಳಿಕೊಟ್ಟಿದ್ದಳು. ಯಜಮಾನರು ಹಲ್ಲು ಕಚ್ಚಿಕೊಂಡು ದಾಳ ಹಾಕಿದ್ದರು. ಕತ್ತಿಯವರು ಹೇಗೋ ನಿಂತರು.

ಈಗ ಅವರ ಕುದುರೆ ದಂಡು, ನಡುವೆ ಸೇನಾಪತಿಯನ್ನೂ ಇಟ್ಟುಕೊಂಡು, ಮಗಳ ಈಟಿಯವರ ಮೇಲೆ ನುಗ್ಗಿತ್ತು. ಈಟಿಯವರು ಜಗ್ಗಲಿಲ್ಲ. ಕೈಕಾಳಗದಲ್ಲಿ ಹೆಚ್ಚು ಬಿದ್ದದ್ದು ಕುದುರೆಯವರೇ. ಸೋತ ದಂಡು ಧೈರ್ಯದ ದಾಳ ಹಾಕಬೇಕು, ಒಂದು ಬಿದ್ದರೆ ಬೆನ್ನು ತೋರಿಸಿ ಓಡಬೇಕು. ಸೇನಾಪತಿ ಓಡಿದರೆ ಆಟವೇ ಮುಗಿಯಿತು.

"ಏನ್ ಮೇಸ್ತ್ರಿ," ಯಜಮಾನರು ದಾಳದ ಮೇಲೆ ಅಂಗೈ ಮುಚ್ಚಿದರು. "ನುಗ್ಗಿ ಹೋದೋನು ನಾನು. ನುಗ್ಗಿದೋನಿಗೆ ಎಂಥಾ ಹೆದರಿಕೆ? ನಾನು ಈ ದಾಳ ಹಾಕೋದೇ ಬೇಕಿರ್ಲಿಲ್ಲ, ಅಲ್ವಾ?"

"ನುಗ್ಗಿದೋರಾದ್ರೂ ಅಷ್ಟೇ, ನಿಂತೋರಾದ್ರೂ ಅಷ್ಟೇ," ಮಗಳು ಥಟ್ಟನೆ ಅಂದಳು. "ಕೈಕಾಳಗದಲ್ಲಿ ಸೋತೋರು ಹಾಕ್ಲೇಬೇಕು. ಅಪ್ಪಾನೇ ಮಾಡಿರೋ ನಿಯಮ. ಹೇಳಪ್ಪಾ."

"ನಿನ್ನ ಕೇಳ್ಲಿಲ್ಲಮ್ಮ ನಾನು. ಮೇಸ್ತ್ರೀನ ಕೇಳ್ತಿದೀನಿ."

ಯಜಮಾನರ ದನಿ ತಣ್ಣಗಿತ್ತು. ಅವರು ಕೂಗಾಡಿದರೆ ಯಾರೂ ಲೆಕ್ಕಿಸುತ್ತಿರಲಿಲ್ಲ. ದನಿ ತಗ್ಗಿಸಿದರೆ ಎರಕದ ಮನೆಯ ಗಟ್ಟಿ ಆಳುಗಳೂ ನೀರಾಗಿ ಹೋಗುತ್ತಿದ್ದರು.

ಮೇಸ್ತ್ರಿ ನಿಯಮ ಮರೆತಿದ್ದನೇ? ಎಲ್ಲಿ ಬಂತು! ಮಗಳು ಚಿಕ್ಕವಳಿದ್ದಾಗ ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು, ಹಳೇ ಅಂಗಿಯ ಗುಂಡಿಗಳನ್ನೇ ಸೈನಿಕರನ್ನಾಗಿ ಮಾಡಿ ಹೇಳಿಕೊಟ್ಟವನು ಅವನೇ. 'ನುಗ್ಗಿದೋನಿಗೂ ಎದೆ ಹೊಡ್ಕೋತಿರತ್ತೆ ಪುಟ್ಟಿ, ತೋರಿಸ್ಕೊಳ್ಳಲ್ಲ ಅಷ್ಟೇ' ಎಂದಿದ್ದ. ಅವಳು ನಂಬಿದ್ದಳು. ಈಗಲೂ ಅದೇ ನಂಬಿಕೆಯಲ್ಲಿ ಅವನ ಬಾಯನ್ನೇ ನೋಡುತ್ತಿದ್ದಳು. ಅವನಿಗೆ ಕಂಡದ್ದು ಮಾತ್ರ ಉಗ್ರಾಣದವನ ಖಾಲಿ ಕುರ್ಚಿ. ಕಾಲುಗಳು ತಾವಾಗಿಯೇ ಅರ್ಧ ಹೆಜ್ಜೆ ಹಿಂದೆ ಸರಿದವು.

"ನುಗ್ಗಿದೋರಿಗೆ... ಈ ದಾಳ ಇಲ್ಲ ಯಜಮಾನ್ರೇ," ಎಂದ. ಸಾಲದ್ದಕ್ಕೆ ಇನ್ನೂ ಒಂದು ಮಾತು ಸೇರಿಸಿದ. "ನೀವು ಹೇಳಿದ್ದೇ ಸರಿ. ಮಗು ತಪ್ಪು ತಿಳ್ಕೊಂಡಿದೆ."

"ನೋಡಿದ್ಯೇನಮ್ಮಾ!" ಯಜಮಾನರು ಕೈ ತೆಗೆದು ಬಾಯ್ತುಂಬ ನಕ್ಕರು. ಬೆನ್ನು ತೋರಿಸಬೇಕಾಗಿದ್ದ ಸೇನಾಪತಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಅಬ್ಬಾ, ಕೆಲಸ ಉಳಿಯಿತು. ಮನೆಗೆ ಹೋಗುತ್ತಾ ದಾರಿಯಲ್ಲಿ ಸಮಾಧಾನ ಮಾಡಿದರಾಯಿತು, ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎಂದರಾಯಿತು.

ಮಗಳು ಜಗಳಕ್ಕೆ ನಿಲ್ಲಲಿಲ್ಲ. ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ಬಣ್ಣ ಮೆತ್ತಿದ ಕೈ ಚಾಚಿ ದಾಳ ಎತ್ತಿಕೊಂಡು ಅಂಗೈಯಲ್ಲಿ ಕುಲುಕತೊಡಗಿದಳು.

"ಇದ್ಯಾಕೆ ಈಗ?" ಯಜಮಾನರು ಹುಬ್ಬು ಗಂಟಿಕ್ಕಿದರು.

"ಧೈರ್ಯದ ದಾಳ ಯಜಮಾನ್ರೇ."

"ನಿನ್ ಕಡೆಯೋರು ಒಬ್ರೂ ಓಡಿಲ್ವಲ್ಲಮ್ಮಾ!"

"ಓಡಿದ್ರು," ಎಂದಳು ಮಗಳು. "ನಮ್ಮೋರೇ. ಗೇಣು ದೂರದಲ್ಲಿ. ನಾನು ನೋಡಿದೆ."

ದಾಳ ಮೇಜಿನ ಮೇಲೆ ಬಿದ್ದ ಸದ್ದಾಯಿತು. ಎಷ್ಟು ಬಿತ್ತೆಂದು ನೋಡಲು ಮೇಸ್ತ್ರಿ ತಲೆ ಎತ್ತಲಿಲ್ಲ.