ಮೌನೇಶಪ್ಪನ ಎದೆಯ ಕದ

ಊರಿನ ಎಲ್ಲರಂತೆ ಬಡಿಗ ಮೌನೇಶಪ್ಪನ ಎದೆಯೂ ಒಳಗಿನ ಹೃದಯವೂ ಗಾಜಿನವೇ. ಸ್ನಾನ ಮುಗಿಸಿ ಕನ್ನಡಿಯಲ್ಲಿ ನೋಡಿಕೊಂಡರೆ, ಹೃದಯದ ಒಂದು ಪುಟ್ಟ ಕದ ಪೂರ್ತಿ ಮುಚ್ಚುತ್ತಿರಲಿಲ್ಲ. ಬಡಿತಕ್ಕೊಮ್ಮೆ ಸಂದಿಯಿಂದ ರಕ್ತ ಹಿಂದಕ್ಕೆ ಜಾರುತ್ತಿತ್ತು.

"ಡಾಕ್ಟರು ಈಗಲೇ ರಿಪೇರಿ ಮಾಡೂಣು ಅಂತಾರ. ನನಗೇನಾಗೇದ? ನಿನ್ನೆ ತೇಗದ ತೊಲಿ ಹೊತ್ತೀನಿ, ಏದುಸಿರೂ ಬಂದಿಲ್ಲ."

ಹೆಂಡತಿ ಕಾಳಮ್ಮ ಟವೆಲು ಕೊಟ್ಟಳು. "ಗಿರಾಕಿಗೆ ಏನ್ ಹೇಳ್ತೀರಿ? ಬಾಗಿಲು ಜಗ್ಗಿದ ಕೂಡ್ಲೆ ಕರೀರಿ, ಚೌಕಟ್ಟು ಹಾಳಾಗೋತನಕ ಕಾಯಬ್ಯಾಡ್ರಿ ಅಂತೀರಲ್ಲ?"

ಅವನು ಮತ್ತೆ ಕನ್ನಡಿ ನೋಡಿದ. ಹೂವಿನ ಎಸಳಿನಷ್ಟು ತೆಳು ಕದ. ಐವತ್ತೆಂಟು ವರ್ಷ, ಅವನು ಮಲಗಿದ್ದಾಗಲೂ, ಒಂದು ಗಳಿಗೆ ಬಿಡದೆ ತೆರೆದು ಮುಚ್ಚಿತ್ತು. ಇಂಥದ್ದನ್ನು ಅವನ ಕೈ ಎಂದೂ ಕೆತ್ತಿರಲಿಲ್ಲ.

ಹಳೆಯ ಬಾಗಿಲಿಗೆ ಉಳಿ ಹಚ್ಚುವ ಮುನ್ನ ಮಾಡುವಂತೆಯೇ ಅದನ್ನು ಎದೆಯ ಗಾಜಿನ ಮೇಲಿಂದಲೇ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ.

"ನಡಿ, ಚೌಕಟ್ಟು ಗಟ್ಟಿ ಇದ್ದಾಗಲೇ ಹೋಗೂಣು."