ಉಕ್ಕಿನ ಸೂಜಿ

ಗೌರಾಬಾಯಿ ಮೂರನೇ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಲ್ಲಿ ಗಂಡನ ಗೆಳೆಯ ಬುಡ್ಡೇಸಾಬನ ದನಿ ಕೇಳಿತು.

"ಸಾವಕಾರ್ರ, ಇವತ್ತ ಜಾಲಿಮುಳ್ಳ ಬ್ಯಾಡ್ರಿ. ಸೊಲ್ಲಾಪುರದಿಂದ ನಮ್ಮ ಅಳಿಯಾ ಉಕ್ಕಿನ ಸೂಜಿ ಕಳಸ್ಯಾನ. ಒಂದ ಐತಿ, ಆದ್ರ ಖರೇ ಸೂಜಿ! ಅದಕ್ಕಂತ ಟಿಕೋಟದಿಂದ ಸೈಕಲ್ ತುಳಕೊಂತ ಬಂದೀನಿ. ಆ ತೋಡಿ ರಾಗದ ರೆಕಾರ್ಡ ಹಚ್ರಿ. ಇವತ್ತರೆ ಪೂರಾ ಕೇಳೂಣು."

ಅವಳ ಅಂಗೈ ಹಿಟ್ಟಿನ ಮೇಲೆಯೇ ನಿಂತಿತು.

ಯುದ್ಧ ಶುರುವಾದ ಮೇಲೆ ವಿಜಾಪುರದ ಅಂಗಡಿಗಳಲ್ಲಿ ಗ್ರಾಮೋಫೋನಿನ ಸೂಜಿ ಸಿಗುತ್ತಿರಲಿಲ್ಲ. ಹಾಡಿನ ಹುಚ್ಚಿದ್ದವರು ಒಣಗಿದ ಜಾಲಿಮುಳ್ಳನ್ನು ಹೆರೆದು ಸಿಕ್ಕಿಸುತ್ತಿದ್ದರು. ಒಂದು ಹಾಡು ಮುಗಿಯುವಷ್ಟರಲ್ಲಿ ಅದರ ಮೊನೆ ಸವೆಯುತ್ತಿತ್ತು. ಅವಳ ಗಂಡ, ಹತ್ತಿ ವ್ಯಾಪಾರಿ ಗುರಲಿಂಗಪ್ಪನಿಗೆ ಅದು ಅನುಕೂಲವೇ ಆಗಿತ್ತು. ಆ ತೋಡಿ ಹಚ್ಚಿದಾಗಲೆಲ್ಲ, ಹಾಡು ಮುಗಿದ ಕೂಡಲೇ "ಮುಳ್ಳ ಸವೀತು" ಎಂದು ಎತ್ತಿಬಿಡುತ್ತಿದ್ದ. ಎತ್ತದಿದ್ದರೆ, ಹಾಡಿದವಳು ಹಳೆಯ ರೆಕಾರ್ಡುಗಳ ರೂಢಿಯಂತೆ ಕಡೆಗೆ ತನ್ನ ಹೆಸರು ಹೇಳುತ್ತಿದ್ದಳು. ರೆಕಾರ್ಡಿನ ನಡುವಿನ ಚೀಟಿಯನ್ನು ಅವನು ಎಂದೋ ನೀರು ಹಚ್ಚಿ ಕೆರೆದು ತೆಗೆದಿದ್ದ.

ಹದಿನೇಳನೇ ವಯಸ್ಸಿನಲ್ಲಿ ಗೌರಾಬಾಯಿ ಹಾಡಿದ್ದ ಒಂದೇ ರೆಕಾರ್ಡು ಅದು. "ಹಾಡಾಕಿನ್ನ ಮನೀಗೆ ತಂದ್ರು ಅಂತ ಮಂದಿ ಅನಬಾರದು" ಎಂದು ಮದುವೆಯ ಮಾತುಕತೆಯಲ್ಲೇ ಹಿರಿಯರು ಇನ್ನು ಹಾಡುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು. ಹತ್ತು ವರ್ಷವಾಯಿತು. ಮಗಳನ್ನು ತೂಗುವಾಗಲೂ ಅವಳು ತುಟಿ ಮುಚ್ಚಿಯೇ ಗುನುಗಿದ್ದಳು.

ಆ ಮಗಳು, ಎಂಟು ವರ್ಷದ ಲಕ್ಕವ್ವ, ಈಗ ಪಡಸಾಲೆಯಲ್ಲಿ ಗ್ರಾಮೋಫೋನ್ ಪೆಟ್ಟಿಗೆಗೆ ಕೀಲಿ ಕೊಡುತ್ತಿದ್ದಳು. ಹೋದ ವಾರ ಅಪ್ಪ ಬಬಲೇಶ್ವರಕ್ಕೆ ಹೋದ ದಿನ, ಗೌರಾಬಾಯಿ ಬಾವಿಯಿಂದ ನೀರು ತರುವಷ್ಟರಲ್ಲಿ, ಹುಡುಗಿ ತಾನೇ ಮುಳ್ಳು ಸಿಕ್ಕಿಸಿ ಆ ರೆಕಾರ್ಡನ್ನು ಕಡೆಯವರೆಗೂ ತಿರುಗಿಸಿಬಿಟ್ಟಿದ್ದಳು. ಅಂದಿನಿಂದ ತಾಯಿಯ ಹಿಂದೆ ಮುಂದೆ ಸುಳಿಯುವುದು, ಬಾಯಿ ತೆರೆಯುವುದು, ಮುಚ್ಚುವುದು. "ಏನವಾ?" ಎಂದರೆ "ಏನಿಲ್ಲ ತಗೊ" ಎಂದು ಓಡುತ್ತಿದ್ದಳು.

ಹಾಡು ಶುರುವಾಯಿತು. ಮುಳ್ಳಿನ ಗೊರಗೊರ ಇಲ್ಲ. ದನಿ ಒಗೆದು ಹರವಿದ ಬಟ್ಟೆಯಂತೆ ಸ್ವಚ್ಛವಾಗಿತ್ತು. ಗೌರಾಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. ತಿರುವಿ ಹಾಕಲು ಮರೆತಳು.

"ವಾಹ್! ಗಂಧಾರ ಕೇಳ್ರಿ ಸಾವಕಾರ್ರ. ಎಷ್ಟ ಇಳಿಸಿ ಹಚ್ಯಾಳ! ಒಂದ ಎಳಿ ಮ್ಯಾಲ ಹೋಗಿದ್ರ ತೋಡಿ ಅಲ್ಲೇ ಸಾಯ್ತಿತ್ತು."

"ಗಂಧಾರ ಇರಲಿ, ದಮ್ಮ ನೋಡೋ. ಎಲ್ಲಿ ಉಸರ ತಗೋತಾಳ ನನಗ ಇನ್ನಾ ಗೊತ್ತಾಗಿಲ್ಲ." ಗುರಲಿಂಗಪ್ಪನ ಮಾತಿನಲ್ಲಿ ತಾನೇ ಹಾಡಿದಷ್ಟು ಹಮ್ಮಿತ್ತು.

"ಹತ್ತಿ ತೂಗಿ ತೂಗಿ ಉಸರೂ ತೂಗಾಕ ಹತ್ತೀರಿ ನೀವು!" ಇಬ್ಬರೂ ನಕ್ಕರು. ಆಮೇಲೆ ಬುಡ್ಡೇಸಾಬ ಬೆರಳೆತ್ತಿದ. "ಹಾಂ, ಈಗ ನೋಡ್ರಿ. ಇಲ್ಲೇ ಓಡ್ತಾಳ. ತಾನ ಅರ್ಧಕ್ಕ ಬಿಟ್ಟ ತಾಳದ ಸಮಕ್ಕ ಬಂದ ಬೀಳ್ತಾಳ. ದನಿ ದೇವರು ಕೊಟ್ಟಾನ, ಖರೆ. ಆದ್ರ ಗುರು ಪೂರಾ ಕಲಿಸಿಲ್ಲ ಬಿಡ್ರಿ."

ರೊಟ್ಟಿ ಹೊತ್ತಿದ ವಾಸನೆ ಬಂತು. ಗೌರಾಬಾಯಿಗೆ ಅದು ತಿಳಿಯಲಿಲ್ಲ. ಆ ಒಂದು ಗಂಧಾರವನ್ನೇ ಗುರುಗಳು ಅವಳಿಂದ ಎರಡು ವರ್ಷ ಹೇಳಿಸಿದ್ದರು. ರೆಕಾರ್ಡು ಮಾಡಿದ ದಿನ ತಾನದ ನಡುವೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿತ್ತು. ಹತ್ತಿದ ಕೂಡಲೇ ಮುಗಿಸಬೇಕು, ಇಲ್ಲದಿದ್ದರೆ ಹಾಡು ತುಂಡಾಗುತ್ತದೆ ಎಂದು ರೆಕಾರ್ಡಿನವರು ಮೊದಲೇ ಹೇಳಿದ್ದರು. ಗುರುಗಳೇ ಎದುರು ಕೂತು, ತಾನ ಬಿಟ್ಟು ಸಮಕ್ಕೆ ಬಾ ಎಂದು ಕಣ್ಣಿನಲ್ಲೇ ಕರೆದಿದ್ದರು.

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಗುರುಗೋಳು ಪೂರಾ ಕಲಿಸ್ಯಾರ್ರಿ."

ಗುರಲಿಂಗಪ್ಪ ತಟ್ಟನೆ ತಿರುಗಿ ನೋಡಿದ. ಬುಡ್ಡೇಸಾಬ ಕಿವಿಯನ್ನು ಹಾಡಿನಿಂದ ತೆಗೆಯದೆಯೇ ಕೇಳಿದ, "ಏನಂದ್ರಿ ಅಕ್ಕಾರ?"

"ಏನಿಲ್ರಿ. ಚಹಾ ತರಲ್ಯಾ ಅಂದೆ."

"ಆಮ್ಯಾಲ ತರ್ರಿ. ಈಗ ಹೆಸರ ಬರತೈತಿ. ಮೂರ ವರ್ಷ ಆತು ಕೇಳಾಕತ್ತು, ಹಾಡಿದಾಕಿ ಯಾರಂತ ತಿಳೀವಲ್ದು."

ಚಹಾ ಬೇಡ ಎಂದ ಮೇಲೂ ಅವಳು ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದಳು. ಹೆಸರು ಬರಬಾರದು ಅನ್ನಿಸಿತು. ಬರಲಿ ಅನ್ನಿಸಿತು. ತಾನ ಓಡಿತು, ಸಮಕ್ಕೆ ಬಂತು, ತಂಬೂರಿಯ ನಾದ ಒಂದು ಕ್ಷಣ ಉಳಿಯಿತು. ರೆಕಾರ್ಡಿನೊಳಗೆ ಹದಿನೇಳರ ಹುಡುಗಿ ಹೆಸರು ಹೇಳಲು ಉಸಿರೆಳೆದುಕೊಂಡದ್ದು ಈ ಸೂಜಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಗುರಲಿಂಗಪ್ಪನ ಕೈ ಹೋಗಿ ಸೂಜಿ ಎತ್ತಿತು.

"ಯಾಕ್ರಿ?" ಬುಡ್ಡೇಸಾಬ ಎದ್ದೇ ನಿಂತ. "ಇದು ಮುಳ್ಳಲ್ರಿ, ಉಕ್ಕು! ಇದೇನ ಸವಿತೈತೇನು?"

"ಅದು... ಕೈಗೆ ರೂಢಿ ಆಗೇತಿ..." ಗುರಲಿಂಗಪ್ಪ ಸೂಜಿಯನ್ನು ಇಳಿಸಲೂ ಇಲ್ಲ, ಪಕ್ಕಕ್ಕೆ ಇಡಲೂ ಇಲ್ಲ. ಕೆಳಗೆ ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ಲಕ್ಕವ್ವ ಬಾಗಿಲಲ್ಲಿ ನಿಂತ ತಾಯಿಯ ಹಿಟ್ಟಿನ ಕೈ ನೋಡಿದಳು, ಗಾಳಿಯಲ್ಲಿ ನಿಂತ ಅಪ್ಪನ ಕೈ ನೋಡಿದಳು. ಈ ಸಲ ಅವಳ ಬಾಯಿ ಮುಚ್ಚಲಿಲ್ಲ.

"ಅಪ್ಪಾ, ಅವ್ವ ತನ್ನ ಹೆಸರ ಹೇಳಾಕ ಬಂದ ಕೂಡ್ಲೇ ನೀ ಯಾಕ ದಿನಾ ಎತ್ತತಿ?"