ವಾರಗಿತ್ತಿಯ ಪಾರ್ಸೆಲ್

ಪಾರ್ಸೆಲ್‌ನವನ ಬೈಕು ಮತ್ತೆ ವಿದ್ಯಾಶ್ರೀಯ ಬಾಗಿಲಲ್ಲೇ ನಿಂತಿತು. ಒಂದೇ ತಿಂಗಳಲ್ಲಿ ಇದು ಎರಡನೆಯ ಸಲ. ಯಶೋದಾ ಒಲೆಯ ಮೇಲಿನ ಹಾಲನ್ನು ಮರೆತು ಕಿಟಕಿಗೆ ಬಂದಳು.

ಬೀರೂರಿನ ಆ ಬೀದಿಯಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳಿಗೆ ನಡುಗೋಡೆ ಒಂದೇ. ಅಣ್ಣ ರುದ್ರಮೂರ್ತಿಯ ಹೆಂಡತಿ ಯಶೋದಾ, ತಮ್ಮ ಮಹೇಂದ್ರನ ಹೆಂಡತಿ ವಿದ್ಯಾಶ್ರೀ. ಕೊಬ್ಬರಿ ಅಂಗಡಿಯೂ ಒಂದೇ, ಸಮಪಾಲು. ಹಾಗಿದ್ದ ಮೇಲೆ ಆ ಮನೆಗೆ ಮಾತ್ರ ಮೊದಲು ಕುಕ್ಕರ್ ಸೆಟ್ಟು, ಈಗ ಇಷ್ಟು ದೊಡ್ಡ ಪೆಟ್ಟಿಗೆ. ಎಲ್ಲಿಂದ?

"ಏನು ಬಂತೇ?" ಯಶೋದಾ ಕಿಟಕಿಯಿಂದಲೇ ಕೇಳಿದಳು.

"ತಟ್ಟೆ ಲೋಟ ಅಂತೆ ಅಕ್ಕ. ಯಾಕಾದ್ರೂ ಬತ್ತವೋ!" ವಿದ್ಯಾಶ್ರೀ ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು.

ಎಷ್ಟು ಜಂಭ, ಎಂದುಕೊಂಡಳು ಯಶೋದಾ. ಹಾಲು ಉಕ್ಕಿ ಒಲೆ ಆರಿತ್ತು.

ಆಮೇಲೆ ಅವಳ ಕಿವಿ ನಡುಗೋಡೆಗೇ ಅಂಟಿಕೊಂಡಿತು. ಫೋನ್ ಬಂದರೆ ಸಾಕು, ವಿದ್ಯಾಶ್ರೀ ಹಿತ್ತಿಲ ಬಾಗಿಲು ಹಾಕಿಕೊಂಡು ಪಿಸುಮಾತಾಡುತ್ತಿದ್ದಳು. ವಾರಕ್ಕೆರಡು ಸಲ ಒಳ್ಳೆಯ ಸೀರೆಯುಟ್ಟು ಗಂಡನ ಜೊತೆ ಕಡೂರಿನ ಬಸ್ಸು ಹತ್ತುತ್ತಿದ್ದಳು.

"ನಿಮ್ಮ ತಮ್ಮ ಹೆಂಡ್ತೀನ ಕಡೂರೆಲ್ಲ ಸುತ್ತಿಸ್ತಾವ್ನೆ. ನಾನು ಮಾತ್ರ ಈ ಮನೆ ಕಾಯ್ಬೇಕಾ?"

"ಏನೋ ಕೆಲ್ಸ ಇರುತ್ತೆ ಬಿಡೇ," ಎಂದ ರುದ್ರಮೂರ್ತಿ, ಪೇಪರಿನಿಂದ ತಲೆಯೆತ್ತದೆ.

ಮುಂದಿನ ಗುರುವಾರ ಮೂರನೆಯ ಪಾರ್ಸೆಲ್ ಬಂತು. ಪಕ್ಕದ ಮನೆಗೆ ಬೀಗ. ತಂದವನು ಪೊಟ್ಟಣ ಹಿಡಿದುಕೊಂಡು ಅತ್ತಿತ್ತ ನೋಡಿದ. ಪ್ಲಾಸ್ಟಿಕ್ಕಿನ ಒಳಗಿಂದ ಜರಿಯಂಚು ಮಿನುಗುತ್ತಿತ್ತು. ನವಿಲುಬಣ್ಣದ ರೇಷ್ಮೆ ಸೀರೆ.

ಯಶೋದಾ ಸರಸರನೆ ಹೊರಗೆ ಬಂದು ಕೈಚಾಚಿದಳು.

"ಇಲ್ಲಿ ಕೊಡಪ್ಪಾ, ಅದು ನಂದು."

"ಇದ್ರಲ್ಲಿ ವಿದ್ಯಾಶ್ರೀ ಅಂತ ಐತೆ ಕಣ್ರೀ."

"ಹೆಸ್ರು ತಪ್ಪು ಹಾಕವ್ರೆ. ನಾನೇ ತರಿಸಿದ್ದು."

ಅವನಿಗೆ ಹೊರೆ ಇಳಿದರೆ ಸಾಕಾಗಿತ್ತು. "ಹಂಗಂತ ಬರ್ಕೊಟ್ಬಿಡಿ," ಎಂದು ಒಂದು ಚೀಟಿ ಚಾಚಿದ. ಯಶೋದಾ ಬರೆದಳು, ಸಹಿ ಹಾಕಿದಳು, ಫೋನ್ ನಂಬರನ್ನೂ ಕೊಟ್ಟಳು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಸೀರೆಯನ್ನು ಹೆಗಲ ಮೇಲೆ ಹೊದ್ದು ನಿಂತಳು. ಎಷ್ಟೋ ದಿನಗಳ ಮೇಲೆ ಮನಸ್ಸು ತಣ್ಣಗಾಯಿತು.

ಎರಡು ದಿನ ಕಳೆದು ವಿದ್ಯಾಶ್ರೀ ಪೇಡದ ಡಬ್ಬಿ ಹಿಡಿದು ನಗುತ್ತ ಬಂದಳು.

"ಬಾಯಿ ಸಿಹಿ ಮಾಡ್ಕೊಳಿ ಅಕ್ಕ, ಪೀಡೆ ತೊಲಗ್ತು! ಯಾವ್ದೋ ಕಂಪ್ನಿಯೋರು ನಾವು ಕೇಳ್ದೇನೇ ಸಾಮಾನು ಕಳ್ಸೋದು, ದುಡ್ಡು ಕಟ್ಟಿ ಅಂತ ದಿನಾ ಫೋನಲ್ಲಿ ಹೆದರ್ಸೋದು. ಒಂದು ತಿಂಗಳಿಂದ ನಿದ್ದೆ ಇಲ್ಲ. ಭಾವನೋರಿಗೆ ಗೊತ್ತಾದ್ರೆ ಬೈತಾರೆ ಅಂತ ಯಾರ್ಗೂ ಹೇಳ್ಲಿಲ್ಲ. ಕಡೂರಿಗೆ ಅಲೆದಿದ್ದೆಲ್ಲ ಪಂಚಾಕ್ಷರಪ್ಪ ವಕೀಲರ ಹತ್ರಕ್ಕೆ. ಕೇಳದೇ ಕಳ್ಸಿದ್ದಕ್ಕೆ ದುಡ್ಡು ಕೇಳೋ ಹಕ್ಕು ಅವ್ರಿಗಿಲ್ವಂತೆ. ನೋಟಿಸ್ ಹೋಗಿದ್ದೇ ತಡ, ತಪ್ಪಾಯ್ತು ಅಂತ ಬರೆದು ಕಳ್ಸವ್ರೆ."

ಯಶೋದಾ ಪೇಡ ಬಾಯಿಗಿಡುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಯಶೋದಾ ಮೇಡಂ ಅಲ್ವಾ? ರೇಷ್ಮೆ ಸೀರೆಯ ಹದಿನೆಂಟು ಸಾವಿರ ಯಾವಾಗ ಕಟ್ತೀರಿ? ಕೇಳಿರಲಿಲ್ಲ ಅಂತ ಮಾತ್ರ ಹೇಳ್ಬೇಡಿ, ನಿಮ್ಮ ಕೈಬರಹ ನಮ್ಮ ಹತ್ರ ಇದೆ."